ಕೇತ ಒತ್ತಿದ ನಂಬರು

ಗೆಳತಿಯ ಮಗುವಿನ ನಾಮಕರಣಕ್ಕೆಂದು ಹೋದ ತಿಂಗಳು ಗುಂಡ್ಲುಪೇಟೆಯಿಂದ ಗೂಡಲೂರಿಗೆ ಹೋಗಿದ್ದೆ. ಆ ಊರಿಗೆ ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಂಡೀಪುರ ದಾಟುವವರೆಗೆ ಬಿಸಿಲಿತ್ತು. ತೆಪ್ಪಕಾಡಿನ ಸೇತುವೆ ಕಳೆದು ಬಸ್ಸು ಏರತೊಡಗಿದ ಮೇಲೆ ಕಿಟಕಿಯ ಗಾಜಿನ ಮೇಲೆ ನೀರು ಇಳಿಯತೊಡಗಿತು. ಗೂಡಲೂರಿನಲ್ಲಿ ಇಳಿದಾಗ ಮಳೆ ಜೋರಾಗಿತ್ತು, ಹಾಗಾಗಿ ನಿಲ್ದಾಣದ ಎದುರಿನ ಟೀ ಅಂಗಡಿಯೊಳಗೆ ನುಗ್ಗಿದೆ.

ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವನ ಫೋನು ಕಿಣಿ ಅಂದಿತು. ಅವನು ನೋಡಿ, ಯಾವುದೋ ಎಸ್ಟೇಟಿನ ಹೆಸರು ಹೇಳಿ, ಅಲ್ಲಿ ಕೊಂಬನ್, ಅಂದರೆ ದಂತದ ಗಂಡಾನೆ, ಇಳಿದಿದೆಯಂತೆ ಎಂದ. ಅಂಗಡಿಯವನು ಟೀ ಎತ್ತಿ ಹೊಯ್ಯುವುದನ್ನು ನಿಲ್ಲಿಸದೆ, ಹಾಗಾದರೆ ಆ ಕಡೆ ಜೀಪು ಈಗ ಹೋಗುವುದಿಲ್ಲ ಬಿಡು ಅಂದ. ಅಷ್ಟೇ. ಯಾರೂ ತಲೆ ಎತ್ತಲಿಲ್ಲ. ಸಂದೇಶ ಬರುವುದು ಅವರಿಗೆ ಮಳೆ ಬಂದಷ್ಟೇ ಸಹಜವಾಗಿತ್ತು. ನಾನು ಮಾತ್ರ ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟೆ.

ಆ ಸಂದೇಶ ಕಳಿಸುವ ಆಫೀಸಿನಲ್ಲಿ ನಾನು ಒಂದು ಮಳೆಗಾಲ ಕೆಲಸ ಮಾಡಿದ್ದೆ.

ಬಿಸಿಎ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಸಿಕ್ಕ ಮೊದಲ ಕೆಲಸ ಅದು. ಊಟಿಯಲ್ಲಿದ್ದ ಒಂದು ಸಂಸ್ಥೆ ಗೂಡಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಈ ಯೋಜನೆ ನಡೆಸುತ್ತಿತ್ತು. ಗುಡ್ಡದ ಮೇಲೆ, ಕಾಡಿನ ಅಂಚಿನಲ್ಲಿ ಅಲ್ಲಲ್ಲಿ ಒಬ್ಬೊಬ್ಬ ಕಾವಲುಗಾರ. ಅವರ ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು. ಒಂದೊಂದು ಜಾಗಕ್ಕೂ ಒಂದೊಂದು ಅಂಕಿ. ಆನೆ ಕಂಡರೆ ಆಫೀಸಿನ ನಂಬರಿಗೆ ಕರೆ ಮಾಡಿ ಆ ಜಾಗದ ಅಂಕಿ ಒತ್ತಬೇಕು. ಒತ್ತಿದ ಕೂಡಲೇ ಫೋನಿನೊಳಗಿನ ಹೆಣ್ಣುದನಿ ತಮಿಳಿನಲ್ಲಿ, ದಾಖಲಾಯಿತು ಅಂದು, ನನ್ರಿ ಎಂದು ಧನ್ಯವಾದ ಹೇಳುತ್ತಿತ್ತು. ಆ ಕಡೆ ವಾಸವಿರುವ ಎಲ್ಲರ ಫೋನಿಗೂ ಸಂದೇಶ ಹೋಗುತ್ತಿತ್ತು. ನಡುವೆ ಮನುಷ್ಯರ ಕೈ ಇರಲಿಲ್ಲ. ಮನೆಮನೆಗೆ ಹೋಗಿ ಹೆಸರು, ಫೋನ್ ನಂಬರು ಪಡೆದು ಕಂಪ್ಯೂಟರಿಗೆ ಸೇರಿಸುವುದು ನನ್ನ ಕೆಲಸ.

ಹಾಗೆ ಮನೆಮನೆಗೆ ಹೋಗುವಾಗ ನನ್ನ ಜೊತೆ ಬರುತ್ತಿದ್ದವನು ಕೇತ. ಮಸಿನಗುಡಿ ಕಡೆಯ ಹಾಡಿಯವನು, ಕುರುಂಬರ ಪೈಕಿ. ವಯಸ್ಸು ನಲವತ್ತು ದಾಟಿರಬೇಕು. ಗೂಡಲೂರಿನ ಮೇಲಿನ ಗುಡ್ಡದಲ್ಲಿ ಅವನ ಕಾವಲು. ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದ. ನನ್ನ ಕನ್ನಡ ಅವನಿಗೆ ತಿಳಿಯುತ್ತಿತ್ತು, ಅವನ ಮಾತು ನನಗೆ ಮುಕ್ಕಾಲು ತಿಳಿಯುತ್ತಿತ್ತು. ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದ. ಜಿಗಣೆ ಹತ್ತಿದರೆ ನಾನು ಕಿರುಚಿಕೊಳ್ಳುತ್ತಿದ್ದೆ, ಅವನು ಸುಣ್ಣ ಹಚ್ಚಿ ಬಿಡಿಸುತ್ತಿದ್ದ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿರುತ್ತಿದ್ದ. ಓದು ಬಾರದ ಅವನಿಗೆ ಏಳು ಅನ್ನುವ ಅಂಕಿ ಎಲ್ಲಿದೆ ಎಂದು ಬೆರಳಿಗೇ ಗೊತ್ತಿತ್ತು. ಅವನ ಜಾಗದ ಅಂಕಿ ಏಳು.

ಎಸ್ಟೇಟಿನ ಕೂಲಿಗಳ ಸಾಲುಮನೆಗೆ ಅಲ್ಲಿ ಪಾಡಿ ಅನ್ನುತ್ತಾರೆ. ಏಳನೇ ಅಂಕಿಯ ಪಾಡಿಯಲ್ಲಿ ಸೆಲ್ವಿ ಇದ್ದಳು. ಟೀ ಸೊಪ್ಪು ಕೀಳುವವಳು. ಅವಳ ಗಂಡ ಮುರುಗೇಶ ಟೀ ಫ್ಯಾಕ್ಟರಿಯಲ್ಲಿದ್ದ. ಹೆಸರು ಬರೆದುಕೊಳ್ಳಲು ಮೊದಲ ಸಲ ಹೋದಾಗ ಯಾರೂ ನಂಬರು ಕೊಡಲಿಲ್ಲ. ಫೋನಿಗೆ ಯಾರ್ಯಾರೋ ಕರೆ ಮಾಡಿ ಕಾಟ ಕೊಡುತ್ತಾರೆ ಅಂದರು. ಸೆಲ್ವಿ ಮಾತ್ರ ಮುಂದೆ ಬಂದು ತನ್ನ ನಂಬರು ಹೇಳಿ, ಉಳಿದವರನ್ನು ಬೈದು ಅವರ ನಂಬರುಗಳನ್ನೂ ಬರೆಸಿದಳು. ಅರ್ಧ ಮನೆಗಳಲ್ಲಿ ಫೋನೇ ಇರಲಿಲ್ಲ. ಸಂದೇಶ ಬಂದರೆ ನಾನೇ ಬಾಗಿಲು ತಟ್ಟಿ ಹೇಳುತ್ತೇನೆ ಅಂದಳು, ಹೇಳಿದಂತೆ ನಡೆದುಕೊಂಡಳು ಕೂಡ. ಆ ಪಾಡಿಗೆ ಹೋದಾಗಲೆಲ್ಲ ನನ್ನನ್ನು ಊಟ ಮಾಡಿಸದೆ ಕಳಿಸುತ್ತಿರಲಿಲ್ಲ.

ಮೊದಲೆಲ್ಲ ಸಂಜೆಯಾದ ಮೇಲೆ ನಲ್ಲಿಗೆ ಹೋಗಬೇಕಾದರೆ ಗಂಡಸರು ಟಾರ್ಚು ಹಿಡಿದು, ಡಬ್ಬ ಬಡಿದು, ತಿರುವಿನವರೆಗೆ ಹೋಗಿ ನೋಡಿ ಬರುತ್ತಿದ್ದರಂತೆ. ಸಂದೇಶ ಬರಲು ಶುರುವಾದ ಮೇಲೆ ಅದು ನಿಂತಿತು. ಸಂದೇಶ ಬಂದರೆ ಆನೆ ಇದೆ, ಬರದಿದ್ದರೆ ಇಲ್ಲ. ಎರಡನೆಯ ಮಾತನ್ನು ನಾವು ಯಾರಿಗೂ ಹೇಳಿರಲಿಲ್ಲ. ಜನ ತಾವೇ ಹಾಗೆ ಅಂದುಕೊಂಡರು. ನಂಬುವ ಹಾಗೆ ಆ ಯಂತ್ರ ಕೆಲಸ ಮಾಡುತ್ತಿತ್ತಲ್ಲ.

ಆಗ ಮಳೆ ಹಿಡಿದಿತ್ತು. ಗೋಡೆಗಳಲ್ಲಿ ನೀರು ಜಿನುಗುತ್ತಿತ್ತು, ಆಫೀಸಿನ ಕುರ್ಚಿಯ ಮೇಲೆ ಬೂಷ್ಟು ಬೆಳೆದಿತ್ತು. ನಮ್ಮ ವೆಬ್‌ಸೈಟನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಂಡಿದ್ದ ಕಂಪನಿಯಿಂದ ಒಂದು ಮೇಲ್ ಬಂತು. ನಮ್ಮ ಪ್ರೋಗ್ರಾಮು ಬರೆದಿದ್ದ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಆವೃತ್ತಿಯನ್ನು ತೆಗೆದು ಏಳನೆಯದನ್ನು ಹಾಕುತ್ತಾರಂತೆ, ನಮ್ಮ ಪ್ರೋಗ್ರಾಮನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಂತೆ. ನಾನು ಅದನ್ನು ಊಟಿಯ ಮೇಡಂಗೆ ಕಳಿಸಿದೆ. ಸಂಸ್ಥೆಯನ್ನು ಕಟ್ಟಿ ನಡೆಸುತ್ತಿದ್ದವರು ಅವರೇ. ಪ್ರೋಗ್ರಾಮನ್ನು ಮೊದಲು ಬರೆದವರು ಕೆಲಸ ಬಿಟ್ಟು ಎಲ್ಲೋ ಹೋಗಿದ್ದರು. ಮೇಡಂ ಪ್ರಕಾಶನನ್ನು ಕಳಿಸಿದರು.

ಪ್ರಕಾಶ ಮಂಜೂರು ಕಡೆಯ ಬಡಗ ಹುಡುಗ, ಊಟಿಯಲ್ಲಿ ರೆಸಾರ್ಟುಗಳಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದ. ಒಳ್ಳೆಯವನೇ. ಅವನು ಕನ್ನಡವನ್ನೇ ಹೋಲುವ ಬಡಗ ಮಾತಾಡಿದರೆ ನಾನು ಕನ್ನಡದಲ್ಲಿ ಉತ್ತರಿಸುತ್ತಿದ್ದೆ, ನಮಗದು ತಮಾಷೆಯಾಗಿತ್ತು. ಏನು ಬದಲಾಗಿದೆ ಎಂದು ಕೇಳಿದಾಗ ಚೆನ್ನಾಗಿಯೇ ವಿವರಿಸಿದ. ಐದರಿಂದ ನೇರ ಏಳಕ್ಕೆ ಹಾರಿದ್ದಾರೆ, ಆರು ಬರಲೇ ಇಲ್ಲ. ಡೇಟಾಬೇಸಿನೊಂದಿಗೆ ಮಾತಾಡಲು ಮೊದಲಿನಿಂದ ಎಲ್ಲರೂ ಬಳಸುತ್ತಿದ್ದ ಆಜ್ಞೆಗಳಿದ್ದವಲ್ಲ, ಅವನ್ನು ಹೊಸದರಲ್ಲಿ ತೆಗೆದೇ ಹಾಕಿದ್ದಾರೆ. ಹಳೆಯ ಆಜ್ಞೆ ಕೊಟ್ಟರೆ ಅಂಥದ್ದೊಂದು ಇತ್ತು ಅನ್ನುವುದೂ ಅದಕ್ಕೆ ಗೊತ್ತಿರುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ ಎಲ್ಲ ಕಡೆ ಹೊಸ ಆಜ್ಞೆ ಹಾಕಬೇಕು ಅಂದ. ಕೂತು ಹಾಕಿದ. ನಾವು ನೋಡುವ ಪುಟಗಳನ್ನೆಲ್ಲ ಒಂದೊಂದಾಗಿ ತೆರೆದು ಪರೀಕ್ಷಿಸಿದ.

ಒಂದು ಸೋಮವಾರ ಬೆಳಿಗ್ಗೆ ಕಂಪನಿಯವರು ಹೊಸ ಆವೃತ್ತಿಗೆ ಬದಲಾಯಿಸಿದರು. ಪುಟಗಳು ಮೊದಲಿಗಿಂತ ಬೇಗ ತೆರೆದುಕೊಂಡವು. ಹೆಸರುಗಳು, ನಂಬರುಗಳು, ಹಳೆಯ ಕರೆಗಳು, ಎಲ್ಲವೂ ಇದ್ದವು. ಮೇಲ್ಗಡೆ, ಇಂದು ಆನೆಯ ಸುಳಿವಿಲ್ಲ, ಎಂದಿತ್ತು. ಪ್ರಕಾಶ ಸಂತೋಷದಿಂದ ಎದುರಿನ ಅಂಗಡಿಯಿಂದ ಮೆಣಸಿನಕಾಯಿ ಬಜ್ಜಿ ತರಿಸಿದ. ಮಧ್ಯಾಹ್ನದ ನಂತರವೂ ಅದು ಹಾಗೇ ಇತ್ತು. ಇಷ್ಟು ಮಳೆಯಲ್ಲಿ ಆನೆಯೂ ಹೊರಗೆ ಬರುವುದಿಲ್ಲ ಎಂದು ಮಾತಾಡಿಕೊಂಡೆವು.

ಅದೇ ಮಧ್ಯಾಹ್ನ ಕೇತ ಗುಡ್ಡದ ಮೇಲಿನಿಂದ ಒಂಟಿ ಕೊಂಬನ್ ಗದ್ದೆ ದಾಟಿ ಪಾಡಿಯ ಕಡೆ ತಿರುಗಿದ್ದನ್ನು ಕಂಡ. ಮರದಡಿ ನಿಂತು, ಕವರು ಬಿಚ್ಚಿ, ಕೈ ಒರೆಸಿಕೊಂಡು ಕರೆ ಮಾಡಿ ಏಳು ಒತ್ತಿದ. ಹೆಣ್ಣುದನಿ ನನ್ರಿ ಅಂದಿತು. ಇನ್ನು ಸಂದೇಶ ಹೋಯಿತು, ಜನ ಮನೆಯೊಳಗಿರುತ್ತಾರೆ ಎಂದು ಅವನು ಫೋನನ್ನು ಮತ್ತೆ ಸುತ್ತಿಟ್ಟು ಆನೆಯ ಹಿಂದೆ ಇಳಿದ. ಆನೆ ಎಲ್ಲಿ ಹೋಗುತ್ತದೆಂದು ದೂರದಿಂದ ನೋಡಿಕೊಂಡಿರುವುದೇ ಅವನಿಗೆ ಹೇಳಿದ್ದ ಕೆಲಸ.

ಬೆಳಕು ಕುಂದುವ ಹೊತ್ತಿಗೆ ಸೆಲ್ವಿ ಸೊಪ್ಪು ತೂಕಕ್ಕೆ ಹಾಕಿ ಬಂದು ಕೊಡ ಎತ್ತಿಕೊಂಡಳು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಹೊರಟರು. ಹೊರಡುವ ಮುಂಚೆ ಅವಳು ಫೋನು ನೋಡಿ, ಏನೂ ಬಂದಿಲ್ಲ, ಬನ್ನಿ, ಅಂದಳಂತೆ. ಮಳೆಯ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ, ಮಂಜಿನಲ್ಲಿ ಹತ್ತು ಮಾರಿನಾಚೆ ಕಾಣುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದವಳು ಅವಳೇ. ತಿರುವಿನಲ್ಲಿ ಆನೆ ಅಲುಗದೆ ನಿಂತಿತ್ತು, ಸೆಲ್ವಿ ನಡೆದು ನೇರ ಅದರ ಕಾಲಿನ ಹತ್ತಿರಕ್ಕೆ ಹೋದಳು. ಹಿಂದಿದ್ದ ಇಬ್ಬರು ಓಡಿ ಬದುಕಿದರು.

ಗಲಾಟೆ ಕೇಳಿ ಕೇತ ಓಡಿಬಂದಾಗ ಜನ ಅವನನ್ನು ನೋಡಿದರು. ಆನೆ ಬಂದ ದಾರಿಯಲ್ಲೇ ಅವನು ಬಂದಿದ್ದ. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಅವನು ಒತ್ತಿದೆ, ಒತ್ತಿದೆ ಅನ್ನುತ್ತಲೇ ಇದ್ದನಂತೆ. ಮೊದಲು ಹೊಡೆದವನು ಮುರುಗೇಶ. ಆಮೇಲೆ ಯಾರ್ಯಾರು ಹೊಡೆದರೆಂದು ಲೆಕ್ಕವಿಲ್ಲ. ಸೆಲ್ವಿಯ ಹೆಣ ಅಲ್ಲೇ ಇತ್ತು, ಅದರ ಪಕ್ಕದ ಕೆಸರಿನಲ್ಲಿ ಅವನನ್ನು ಕೆಡವಿ ತುಳಿದರು.

ಮರುದಿನ ಜನ ರಸ್ತೆಯಲ್ಲಿ ಕೂತರು. ಬಸ್ಸುಗಳು ನಿಂತವು. ಅರಣ್ಯ ಇಲಾಖೆಯ ಅಧಿಕಾರಿಗಳು ನಮ್ಮ ಆಫೀಸಿಗೆ ಬಂದರು, ಕೇತನನ್ನೂ ಕರೆತಂದರು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ಮುಂದಿನ ಹಲ್ಲು ಇರಲಿಲ್ಲ. ಪರದೆಯ ಮೇಲೆ ಸೋಮವಾರದ ಪುಟ ತೆರೆದೇ ಇತ್ತು. ಆನೆಯ ಸುಳಿವಿಲ್ಲ. ಕೇತ ತನ್ನ ಫೋನು ತೆಗೆದು ತೋರಿಸಿದ. ನಮ್ಮ ನಂಬರಿಗೆ ಮಾಡಿದ ಕರೆ ಅದರಲ್ಲಿತ್ತು.

ಹಿರಿಯ ಅಧಿಕಾರಿ ಅದನ್ನು ನೋಡಿ, ಸಮಾಧಾನವಾಗಿಯೇ ಕೇಳಿದರು. "ಕರೆ ಮಾಡಿದ್ದೀಯ, ಸರಿ. ನಂಬರು ಒತ್ತಿದೆಯಾ?"

"ಒತ್ತಿದೆ ಸಾಮಿ. ಏಳು."

"ಮಳೆಯಲ್ಲಿ ಬೆರಳು ಜಾರಿರಬಹುದಲ್ಲ."

"ಇಲ್ಲ ಸಾಮಿ. ಆ ಹೆಣ್ಣು ನನ್ರಿ ಅಂದ್ಲು."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಕ್ಕರು. ಕೇತ ಬೆರಳನ್ನು ಮುಂದೆ ಚಾಚಿ, ಗಾಳಿಯಲ್ಲೇ ಏಳು ಇರುವ ಜಾಗವನ್ನು ಒತ್ತಿ ತೋರಿಸಿದ. ಯಾರೂ ನೋಡಲಿಲ್ಲ. ಪರದೆ ಅವರೆದುರಿಗೇ ಇತ್ತು, ಅವರು ಅದನ್ನೇ ನೋಡುತ್ತಿದ್ದರು.

ಅವರೆಲ್ಲ ಹೋದ ಮೇಲೆ ನಾನು ನನ್ನ ಫೋನಿನಿಂದ ಕರೆ ಮಾಡಿ ಏಳು ಒತ್ತಿದೆ. ದನಿ ನನ್ರಿ ಅಂದಿತು. ಪುಟವನ್ನು ಮತ್ತೆ ತೆರೆದೆ. ಖಾಲಿ. ಇನ್ನೊಮ್ಮೆ ಒತ್ತಿದೆ. ನನ್ರಿ. ಖಾಲಿ. ಪ್ರಕಾಶ ಮೂಲೆಯಲ್ಲಿ ಕೂತಿದ್ದ. ಕರೆದು ತೋರಿಸಿದೆ. ಅವನು ಕಂಪ್ಯೂಟರಿನ ಮುಂದೆ ಕೂತು ಸರ್ವರಿನ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ಹುಡುಕಿದ.

ಆ ದನಿ ಬೇರೊಂದು ಕಂಪನಿಯ ಯಂತ್ರದ್ದು. ಗುಂಡಿ ಒತ್ತಿದ ಕೂಡಲೇ ಅದು ನನ್ರಿ ಅನ್ನುತ್ತದೆ, ಆಮೇಲೆ ನಮ್ಮ ಸರ್ವರಿನ ಒಂದು ಸಣ್ಣ ಪುಟಕ್ಕೆ ಅಂಕಿಯನ್ನು ಒಪ್ಪಿಸುತ್ತದೆ. ಮನುಷ್ಯರು ಯಾರೂ ತೆರೆಯದ ಆ ಪುಟ ಬೇರೆಲ್ಲೋ ಒಂದು ಫೋಲ್ಡರಿನಲ್ಲಿತ್ತು. ಪ್ರಕಾಶನಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಅದರೊಳಗೆ ಹಳೆಯ ಆಜ್ಞೆಗಳು ಹಾಗೇ ಇದ್ದವು. ಸೋಮವಾರ ಬೆಳಿಗ್ಗೆಯಿಂದ ಯಾರು ಏನು ಒತ್ತಿದರೂ ಅದು ಮೊದಲ ಸಾಲಿನಲ್ಲೇ ಸತ್ತುಬೀಳುತ್ತಿತ್ತು. ತಪ್ಪುಗಳು ಹೊರಗೆ ಕಾಣದಂತೆ ಮೊದಲು ಬರೆದವರು ಅದರ ಬಾಯಿ ಕಟ್ಟಿದ್ದರು.

ಪ್ರಕಾಶ ಸರಿಪಡಿಸಿದ. ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ನಾಲ್ಕೈದು ಸಾಲುಗಳು. ಈಗ ನೋಡೋಣ ಎನ್ನುತ್ತ ತನ್ನ ಫೋನಿನಿಂದ ಏಳು ಒತ್ತಿದ. ಪುಟದಲ್ಲಿ ಸಾಲು ಮೂಡಿತು. ನಾವಿಬ್ಬರೂ ನಿಟ್ಟುಸಿರು ಬಿಟ್ಟೆವು. ಸಂದೇಶ ಎಲ್ಲಿಗೆ ಹೋಗುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ಹೊತ್ತಿಗೆ ಆಸ್ಪತ್ರೆಯಿಂದ ಸೆಲ್ವಿಯನ್ನು ಪಾಡಿಗೆ ತಂದಿದ್ದರು. ಅಂಗಳದಲ್ಲಿ ಟಾರ್ಪಾಲು ಕಟ್ಟಿ ಮಲಗಿಸಿದ್ದರು. ಸುತ್ತ ಕೂತಿದ್ದವರ ಫೋನುಗಳೆಲ್ಲ ಒಟ್ಟಿಗೆ ಕಿಣಿ ಅಂದವು. ನಿಮ್ಮ ಜಾಗದಲ್ಲಿ ಆನೆ, ಹೊರಗೆ ಬರಬೇಡಿ. ಒಳಗೆ ಗೂಡಿನಲ್ಲಿಟ್ಟಿದ್ದ ಸೆಲ್ವಿಯ ಫೋನೂ ಕಿಣಿ ಅಂದಿತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಚೆಲ್ಲಾಪಿಲ್ಲಿಯಾಗಿ ಓಡಿದರು. ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಳು. ಸ್ವಲ್ಪ ಹೊತ್ತು ಹೆಣದ ಹತ್ತಿರ ಮುರುಗೇಶನೊಬ್ಬನೇ ಉಳಿದಿದ್ದನಂತೆ.

ಮೇಡಂ ಊಟಿಯಿಂದ ಬಂದು ಎಲ್ಲವನ್ನೂ ಕೇಳಿಸಿಕೊಂಡರು. ಕೂಗಾಡಲಿಲ್ಲ. ಕಣ್ಣಲ್ಲಿ ನೀರೂ ಬಂತು. ಆಮೇಲೆ ನಿಧಾನವಾಗಿ ಹೇಳಿದರು. ಯಂತ್ರ ಕೈಕೊಟ್ಟಿತು ಎಂದು ಹೊರಗೆ ಗೊತ್ತಾದರೆ ನಾಳೆಯಿಂದ ಯಾರೂ ಸಂದೇಶವನ್ನು ನಂಬುವುದಿಲ್ಲ, ಯೋಜನೆ ಮುಚ್ಚಿಹೋಗುತ್ತದೆ. ಮುಚ್ಚಿದರೆ ಈ ಮಳೆಗಾಲದಲ್ಲೇ ಇನ್ನೂ ಎಷ್ಟು ಸೆಲ್ವಿಯರು ಹೋಗುತ್ತಾರೆ ಯೋಚಿಸು. ಕೇತನಿಗೇನು, ಕಾವಲು ಕೆಲಸ ಹೋದರೆ ಕಾಡಿನ ಕೂಲಿ ಇದ್ದೇ ಇದೆ. ಆ ಮಾತಿನಲ್ಲಿ ಎಲ್ಲಿ ಸುಳ್ಳಿದೆ ಎಂದು ಹುಡುಕಿದರೆ ತಟ್ಟನೆ ಸಿಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಹೇಳಿದರು. ಪ್ರಕಾಶ ನೆಲ ನೋಡುತ್ತಿದ್ದ.

ನಾನು ಮುರುಗೇಶನಿಗೆ ಹೇಳಲು ಹೋದೆ. ನನಗೆ ಬರುವ ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಸರ್ವರು ಬದಲಾಗಿದ್ದು, ಪುಟ ನಿಂತುಹೋಗಿದ್ದು, ಕೇತ ನಿಜವಾಗಿ ಒತ್ತಿದ್ದು. ಅವನು ಕೊನೆಯವರೆಗೆ ಕೇಳಿ, ಒಳಗೆ ಹೋಗಿ, ಸೆಲ್ವಿಯ ಫೋನು ತಂದು ನನ್ನ ಕೈಗಿಟ್ಟ.

"ಅವಳು ಇಲ್ಲಿ ಮಲಗಿದ್ದಾಗ ಬಂತಲ್ಲಮ್ಮ ಇದು, ಯಾರು ಒತ್ತಿದ್ದು?"

ನಾವು, ಎಂದೆ. ಪರೀಕ್ಷೆ ಮಾಡಲು.

"ನೀವು ಒತ್ತಿದರೆ ಬರುತ್ತೆ. ಅವನದು ಬರಲಿಲ್ಲ. ಅಂದರೆ ಅವನು ಒತ್ತಲಿಲ್ಲ ಅಂತಲೇ ಅಲ್ವಾ?"

ನಡುವೆ ಆ ನಾಲ್ಕೈದು ಸಾಲುಗಳಿದ್ದವು. ಅವನ್ನು ಅವನಿಗೆ ಹೇಗೆ ತೋರಿಸುವುದೋ ನನಗೆ ತಿಳಿಯಲಿಲ್ಲ. ಮತ್ತೆ ಹೇಳಲು ಹೋದೆ. ಅವನು ಕೈಯೆತ್ತಿ ತಡೆದ. ಯಂತ್ರದ ಮೇಲೆ ಯಾಕಮ್ಮ ಹಾಕುತ್ತೀರಿ, ಯಂತ್ರಕ್ಕೆ ಹೊಡೆಯಲಾಗುತ್ತದೆಯೇ ಎಂದು ಕೇಳಿದ. ಅದರಲ್ಲಿ ಸಿಟ್ಟಿರಲಿಲ್ಲ. ಫೋನು ವಾಪಸು ಇಸಿದುಕೊಂಡು ಮತ್ತೆ ಗೂಡಿನಲ್ಲಿಟ್ಟ.

ವಿಚಾರಣೆಯಲ್ಲಿ ನನ್ನ ಹೇಳಿಕೆ ಬರೆಸಿದೆ. ಪ್ರಕಾಶನನ್ನು ಕರೆದು ಕೇಳಿದಾಗ ಅವನು, ಅಂದು ವ್ಯವಸ್ಥೆ ಸರಿಯಾಗಿಯೇ ಇತ್ತು, ತಾನು ಆಮೇಲೆ ಸಣ್ಣಪುಟ್ಟ ಸುಧಾರಣೆ ಮಾಡಿದೆ ಅಷ್ಟೇ, ಅಂದನಂತೆ. ಅವನು ತಾಂತ್ರಿಕ ಮನುಷ್ಯ. ನಾನು ಹೆಸರು ಬರೆದುಕೊಳ್ಳುವ ಹುಡುಗಿ. ಕಾವಲುಗಾರ ಅಂಕಿ ಒತ್ತದೆ ಕರೆ ಕಡಿದಿದ್ದಾನೆ ಎಂದು ತೀರ್ಮಾನವಾಯಿತು. ತಿಂಗಳ ಕೊನೆಗೆ ಮೇಡಂ ಫೋನು ಮಾಡಿ, ನನ್ನ ಅಗತ್ಯ ಇನ್ನಿಲ್ಲವೆಂದು, ಮುಂದೆ ಒಳ್ಳೆಯದಾಗಲೆಂದು ಹೇಳಿದರು. ಪ್ರಕಾಶ ಅದಾದ ಮೇಲೆ ನನಗೆ ಎರಡು ಸಲ ಫೋನು ಮಾಡಿದ. ನಾನು ಎತ್ತಲಿಲ್ಲ.

ಊರಿಗೆ ಹೊರಡುವ ದಿನ ಮಸಿನಗುಡಿಗೆ ಹೋದೆ. ಆ ಕಡೆ ಮಳೆ ಬಿಟ್ಟಿತ್ತು. ಕೇತನ ಹಾಡಿಯನ್ನು ಕೇಳಿಕೊಂಡು ನಡೆದೆ. ಅವನು ಲಂಟಾನ ಕಡಿದು ತಂದು ಮನೆ ಮುಂದೆ ಕೂತು ಅದರ ಬರಲಿನಿಂದ ಎಲೆ, ಮುಳ್ಳು ಸವರುತ್ತಿದ್ದ. ಕಣ್ಣು ತೆರೆದಿತ್ತು, ಆದರೆ ಬಿಳಿಯಲ್ಲಿ ರಕ್ತ ಇನ್ನೂ ನಿಂತಿತ್ತು. ನಾನು ಆತುರದಿಂದ, ನೀನು ಒತ್ತಿದ್ದೆ, ನಾನೇ ನೋಡಿದೆ, ತಪ್ಪು ನಮ್ಮ ಯಂತ್ರದ್ದು, ಎಲ್ಲವನ್ನೂ ಬರೆದುಕೊಟ್ಟಿದ್ದೇನೆ ಎಂದೆ.

ಅವನು ಕತ್ತಿ ಕೆಳಗಿಟ್ಟು ಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ಗೊತ್ತು ಕನವ್ವ. ನನ್ ಬೆರಳು ನಂಗೆ ಗೊತ್ತಿಲ್ವಾ?"

ಆಮೇಲೆ ನಡೆದದ್ದನ್ನು ಹೇಳಿದ. ಸಂಸ್ಥೆಯಲ್ಲಿ ಅವನ ಹಾಡಿಯ ಇನ್ನೂ ನಾಲ್ವರು ಕಾವಲಿಗಿದ್ದರು, ಅವರಲ್ಲಿ ಇಬ್ಬರು ಅವನ ಹೆಂಡತಿಯ ತಮ್ಮಂದಿರು. ಅವನು ಒಪ್ಪಿಕೊಂಡರೆ ವಿಷಯ ಅವನೊಬ್ಬನಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಇವರನ್ನು ಯಾರನ್ನೂ ನಂಬುವುದು ಕಷ್ಟವಾಗುತ್ತದೆ ಎಂದು ಊಟಿಯಿಂದ ಹೇಳಿಕಳಿಸಿದ್ದರು. ಅವನು ಸೆಲ್ವಿಯ ಕರುಮಾದಿಯ, ಅಂದರೆ ಉತ್ತರಕ್ರಿಯೆಯ ದಿನ ಪಾಡಿಗೆ ಹೋಗಿ, ಎಲ್ಲರೆದುರಿಗೆ ಮುರುಗೇಶನ ಕಾಲಿಗೆ ಬಿದ್ದು, ಒತ್ತುವುದರಲ್ಲಿ ತಪ್ಪಿದೆ ಎಂದು ಹೇಳಿಬಂದಿದ್ದ. ಮುರುಗೇಶ ಆ ದಿನ ಹೊಡೆಯಲಿಲ್ಲವಂತೆ. ಕಾಲು ಹಿಂದಕ್ಕೆ ಎಳೆದುಕೊಂಡನಂತೆ.

"ನೀನು ಬರೆದುಕೊಟ್ಟದ್ದ ವಾಪಸ್ ತಗಂಬುಡವ್ವ," ಅಂದ. "ನನ್ ಹೆಂಡ್ತಿಗೂ ಹೇಳಬ್ಯಾಡ. ಇವಳು ಸುಮ್ನೆ ಇರಾಕಿಲ್ಲ, ಗೂಡಲೂರಿಗೆ ಹೋಗಿ ಜಗಳ ತೆಗೀತಾಳೆ. ಹುಡುಗರ ಕೆಲಸ ಹೋಯ್ತದೆ."

ವಾಪಸು ತೆಗೆದುಕೊಳ್ಳಲು ಏನೂ ಉಳಿದಿಲ್ಲ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ಹಾಲಿಲ್ಲದ ಟೀ ತಂದು ನನ್ನ ಕೈಗೆ ಕೊಟ್ಟಳು. ಗಂಡನಿಗೆ ಕೊಡಲಿಲ್ಲ. ಅವನ ಲೋಟವನ್ನು ಸ್ವಲ್ಪ ದೂರದಲ್ಲಿ ನೆಲಕ್ಕೆ ಇಟ್ಟಳು.

"ನಾನೇ ಕಲಿಸ್ಕೊಟ್ಟಿದ್ದೆ ಅಕ್ಕ, ನಂಬರು ಒತ್ತೋದು," ಅಂದಳು. "ದಿನಾ ಹೇಳ್ತಿದ್ದೆ. ಇವನ ಕೈಗೆ ಒಂದು ಕೆಲಸ ನೆಟ್ಟಗೆ ಬಂದದ್ದಿಲ್ಲ. ಒಂದು ಜೀವ ತಿಂದ್ಬುಟ್ಟ. ನೀನೇ ಹೇಳು, ಇವನು ಸರಿಯಾಗಿ ಒತ್ತಿದ್ರೆ ಆಯಮ್ಮ ಇವತ್ತು ಇರ್ತಿರಲಿಲ್ವಾ?"

ಕೇತ ಕತ್ತಿಯನ್ನು ಎತ್ತಿಕೊಂಡು ಬರಲಿನ ಮೇಲೆ ಬಾಗಿದ. ಸವರುತ್ತಿರಲಿಲ್ಲ. ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದ.

ನಾನು ಹೂಂ ಅಂದೆ.